ಸಿಪ್ಪೆ ಹಿಡಿದ ಲೋಹ ಯಾರ ಪಾಲಿಗೆ?

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿಗೆ ಹೆಸರು ತಂದದ್ದು ಅಲ್ಲಿನ ಹುಣಸೆ ತೋಪು. ಸುಮಾರು 54 ಎಕರೆ ಜಾಗ, ಮುನ್ನೂರರ ಆಸುಪಾಸಿನ ಮರಗಳು. ಬುಡ ಟೊಳ್ಳಾಗಿ, ಕಾಂಡ ತಿರುಚಿಕೊಂಡು, ಇಷ್ಟು ವಯಸ್ಸಾದರೂ ಚಿಗುರುವುದನ್ನು ಬಿಡದ ಮರಗಳು ಅವು. ಚೋಳರ ಕಾಲದವು ಎಂದು ಊರವರು ಹೇಳುತ್ತಾರೆ. ಜೀವವೈವಿಧ್ಯ ಕಾಯ್ದೆಯಡಿ 2007ರಲ್ಲಿ ಈ ತೋಪು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಅಲ್ಲಿಗೆ ಹೋದವರು ಮರ ನೋಡುತ್ತಾರೆ, ಪಾಳುಬಿದ್ದ ಗುಡಿ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ. ಕಾಲಡಿ ಪುಡಿಯಾಗುವ ಹುಣಸೆ ಸಿಪ್ಪೆಯನ್ನು ಯಾರೂ ನೋಡುವುದಿಲ್ಲ. ನೋಡುವಂಥದ್ದೇನೂ ಅದರಲ್ಲಿಲ್ಲ ಎಂದೇ ನಾವೆಲ್ಲ ತಿಳಿದಿದ್ದೇವೆ.

ಒಂದು ಹುಣಸೆಕಾಯಿಯನ್ನು ತೂಗಿ ಬಿಡಿಸಿದರೆ ಅರ್ಧಕ್ಕಿಂತ ತುಸು ಹೆಚ್ಚು ಹುಳಿ, ಮೂರರಲ್ಲೊಂದು ಪಾಲು ಬೀಜ, ನೂರಕ್ಕೆ ಹನ್ನೊಂದರಷ್ಟು ಸಿಪ್ಪೆ ಮತ್ತು ನಾರು. ಹುಳಿ ಅಡುಗೆಮನೆಗೆ ಹೋಗುತ್ತದೆ, ತುಮಕೂರಿನ ಮಂಡಿಗೆ ಹೋಗುತ್ತದೆ. ಬೀಜಕ್ಕೂ ಗಿರಾಕಿ ಇದ್ದಾರೆ: ಅದರ ತಿರುಳಿನ ಪುಡಿ ನೂಲಿಗೆ ಗಂಜಿ ಹಾಕಲು ಬೇಕು. ಚೌಕಾಬಾರದ ಮನೆಗೆ ಕಾಯಿಯಾಗಿ ಉಳಿದದ್ದು ನಾಲ್ಕೈದು ಬೀಜ ಮಾತ್ರ. ಸಿಪ್ಪೆಗೆ ಮಾತ್ರ ಬೆಲೆಯಿಲ್ಲ. ಬೇಸಗೆಯಲ್ಲಿ ಹೆಂಗಸರು ಕೂತು ಹಣ್ಣು ಬಡಿದು ಬಿಡಿಸಿದ ಮೇಲೆ ಅದು ತಿಪ್ಪೆಗೋ ಒಲೆಗೋ ಸೇರುತ್ತದೆ.

ಪ್ರಯೋಗಾಲಯಗಳಲ್ಲಿ ಇದೇ ಸಿಪ್ಪೆ ಇಪ್ಪತ್ತು ವರ್ಷಗಳಿಂದ ಬೇರೊಂದು ಕಾರಣಕ್ಕೆ ಸುದ್ದಿಯಲ್ಲಿದೆ. ನೀರಿನಲ್ಲಿ ಕರಗಿದ ಕ್ರೋಮಿಯಂ, ಸೀಸ, ನಿಕಲ್‌ಗಳನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಹುಣಸೆ ಬೀಜದ ಪುಡಿ ಕ್ರೋಮಿಯಂ ಹಿಡಿಯುವುದನ್ನು ಐಐಟಿ ಬಾಂಬೆಯ ಸಂಶೋಧಕರು 2006ರಲ್ಲಿ ಬರೆದರು. ಮರುವರ್ಷವೇ ಆಂಧ್ರದ ಸಂಶೋಧಕರು ಸಿಪ್ಪೆಯನ್ನು ಪರೀಕ್ಷೆಗಿಟ್ಟರು. ಆಕ್ಸಾಲಿಕ್ ಆಮ್ಲದಲ್ಲಿ ನೆನೆಸಿ ಒಣಗಿಸಿದ ಒಂದು ಗ್ರಾಂ ಸಿಪ್ಪೆ ಸುಮಾರು 150 ಮಿಲಿಗ್ರಾಂ ಕ್ರೋಮಿಯಂ ಹಿಡಿಯಬಲ್ಲದು ಎಂಬುದು ಅವರ ಲೆಕ್ಕ. 2009ರಲ್ಲಿ ಪಿಲಾನಿಯ ಬಿಟ್ಸ್ ಸಂಸ್ಥೆಯವರು ಬೀಜವನ್ನು ತೊಳೆದು ಮತ್ತೆ ಬಳಸುವ ಬಗೆ ನೋಡಿದರು. ಆ ಬಳಿಕ ಬಂದ ಪ್ರಬಂಧಗಳನ್ನು ಎಣಿಸುವುದೇ ಒಂದು ಕೆಲಸ. ಹುಣಸೆಯ ಜೊತೆಗೆ ಭತ್ತದ ಹೊಟ್ಟು, ಕಡಲೆಕಾಯಿ ಸಿಪ್ಪೆ, ಕಾಫಿ ಸಿಪ್ಪೆ, ಅಡಿಕೆ ಸಿಪ್ಪೆ, ತೆಂಗಿನ ನಾರಿನ ಪುಡಿ, ಬಾಳೆಹಣ್ಣಿನ ಸಿಪ್ಪೆ, ಕಬ್ಬಿನ ಸಿಪ್ಪೆ, ಕಿತ್ತಳೆ ಸಿಪ್ಪೆ: ನಮ್ಮ ಹಿತ್ತಿಲಲ್ಲಿ ಬೀಳುವುದೆಲ್ಲ ಯಾವುದೋ ಒಂದು ಪ್ರಯೋಗಾಲಯದ ಬೀಕರಿನೊಳಗೆ ಬಿದ್ದಿದೆ.

ಹಾಗಿದ್ದರೆ ಪೀಣ್ಯದಲ್ಲೋ ದೊಡ್ಡಬಳ್ಳಾಪುರದಲ್ಲೋ ಹೊಟ್ಟು ತುಂಬಿದ ಒಂದು ತೊಟ್ಟಿಯಾದರೂ ನಮ್ಮ ಕಣ್ಣಿಗೆ ಬೀಳಬೇಕಿತ್ತಲ್ಲ? ಸಿಪ್ಪೆ ಲೋಹ ಹಿಡಿಯುತ್ತದೆಯೇ ಎಂಬ ಪ್ರಶ್ನೆ ಮುಗಿದು ಬಹಳ ಕಾಲವಾಯಿತು. ಹಿಡಿದದ್ದನ್ನು ಯಾರು ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಯನ್ನು ಇನ್ನೂ ಯಾರೂ ಸರಿಯಾಗಿ ಕೈಗೆತ್ತಿಕೊಂಡಿಲ್ಲ. ಈ ವಿಷಯದ ಬಗ್ಗೆ ಓದುತ್ತಾ ಹೋದಷ್ಟೂ ನನಗೆ ಗಟ್ಟಿಯಾದದ್ದು ಈ ಅಭಿಪ್ರಾಯವೇ.

ಮೊದಲು ನೀರಿನ ಕಡೆಯಿಂದ ಬರೋಣ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮುಖ್ಯ ನದಿಗಳಲ್ಲಿ ಒಂದು ಅರ್ಕಾವತಿ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕೆರೆಗಳ ಸಾಲು ಹಾದು ಹೆಸರಘಟ್ಟದ ಕಡೆ ಇಳಿಯುತ್ತದೆ. ಆ ಸಾಲಿನ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಗೆ ದೊಡ್ಡಬಳ್ಳಾಪುರ ನಗರದ ಕೊಳಚೆ ಮತ್ತು ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ನೀರು ಸೇರುತ್ತಿದೆ ಎಂದು ಅಲ್ಲಿನ ಪಂಚಾಯಿತಿಗಳ ಜನ ವರ್ಷಗಟ್ಟಲೆ ಹೋರಾಡುತ್ತಾ ಬಂದಿದ್ದಾರೆ. ಜಿಲ್ಲೆಯ ಗಡಿಗೆ ಅಂಟಿಕೊಂಡಂತೆ ಪೀಣ್ಯ ಇದೆ: ಪ್ಲೇಟಿಂಗ್ ಅಂಗಡಿಗಳ, ಲೇತ್‌ಗಳ, ಪೌಡರ್ ಕೋಟಿಂಗ್ ಶೆಡ್ಡುಗಳ ಊರು. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಕ್ರೋಮಿಯಂ ಕಾಣಿಸಿಕೊಂಡದ್ದು ಹಳೆಯ ಕಥೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತೀವ್ರ ಮಾಲಿನ್ಯದ ಪಟ್ಟಿಯಲ್ಲಿ ಪೀಣ್ಯಕ್ಕೆ ಜಾಗ ಸಿಕ್ಕಿದ್ದೂ ಹಳೆಯದೇ.

ಇದರ ಮೇಲೆ ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಒಣ ಜಿಲ್ಲೆಗಳ ಕೆರೆ ತುಂಬಿಸುವ ಯೋಜನೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಕೋಲಾರಕ್ಕೆ, ಹೆಬ್ಬಾಳ–ನಾಗವಾರ ಕಣಿವೆಯ ದಿನಕ್ಕೆ 210 ದಶಲಕ್ಷ ಲೀಟರ್ ಚಿಕ್ಕಬಳ್ಳಾಪುರಕ್ಕೆ, ದಾರಿಯಲ್ಲಿ ದೇವನಹಳ್ಳಿ ತಾಲ್ಲೂಕಿನ ಕೆಲವು ಕೆರೆಗಳಿಗೆ. ಒಣಗಿದ್ದ ಕೆರೆಯಲ್ಲಿ ನೀರು ನಿಂತಿತು, ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂತು, ಇದನ್ನು ಅಲ್ಲಗಳೆಯುವಂತಿಲ್ಲ. ಮೂರನೇ ಹಂತದ ಶುದ್ಧೀಕರಣ ಆಗದೆ ಈ ನೀರು ಬೇಡ ಎಂದು ನೀರಾವರಿ ಹೋರಾಟಗಾರರು ಪಟ್ಟು ಹಿಡಿದರು, ಕೋಲಾರದ ನೀರಿನ ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಆ ವಾದದ ನಡುವೆ ಮತ್ತೆ ಮತ್ತೆ ಬಂದದ್ದು ಭಾರಲೋಹದ ಮಾತು.

ನಲ್ಲೂರು ಇರುವ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕಿಗೆಂದು 1,777 ಎಕರೆ ಭೂಮಿ ಗುರುತಾಗಿತ್ತು. ಹದಿಮೂರು ಹಳ್ಳಿಗಳ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನವನ್ನು ಕೈಬಿಟ್ಟಿತು. ವಿಮಾನದ ಬಿಡಿಭಾಗ ಮಾಡುವವರು ಕ್ಯಾಡ್ಮಿಯಂ ಮತ್ತು ಕ್ರೋಮಿಯಂ ಲೇಪನದ ಹಳೆಯ ಗಿರಾಕಿಗಳು ಎಂಬುದನ್ನು ಆ ಚರ್ಚೆಯಲ್ಲಿ ಹೆಚ್ಚು ಜನ ಎತ್ತಲಿಲ್ಲ. ಭೂಮಿಯ ಮಾತೇ ಅಷ್ಟು ದೊಡ್ಡದಾಗಿತ್ತು.

ಉಳಿದ ಕೊಳೆಗೂ ಭಾರಲೋಹಕ್ಕೂ ಒಂದು ಮೂಲ ವ್ಯತ್ಯಾಸವಿದೆ. ಮಲಮೂತ್ರ, ಅನ್ನದ ಗಂಜಿ, ಸೋಪಿನ ನೊರೆ ಇವನ್ನೆಲ್ಲ ಬ್ಯಾಕ್ಟೀರಿಯಾ ತಿಂದು ಮುಗಿಸುತ್ತದೆ. ಸೀಸವನ್ನು ತಿಂದು ಮುಗಿಸುವ ಜೀವಿ ಇಲ್ಲ. ಅದು ರೂಪ ಬದಲಿಸಬಹುದು, ಜಾಗ ಬದಲಿಸಬಹುದು, ಇಲ್ಲವಾಗುವುದಿಲ್ಲ. ಕೊಳಚೆ ಶುದ್ಧೀಕರಣ ಘಟಕದಲ್ಲಿ ನೀರಿನಿಂದ ಇಳಿದ ಲೋಹದ ಒಂದು ಪಾಲು ತಳದ ಗಸಿಯಲ್ಲಿ ಕೂರುತ್ತದೆ. ಒಣಗಿದ ಗಸಿ ಗೊಬ್ಬರವಾಗಿ ಹೊಲ ಸೇರಿದರೆ ಲೋಹವೂ ಹೊಲ ಸೇರಿತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಕ್ಯಾಡ್ಮಿಯಂ ಲೀಟರಿಗೆ 0.003 ಮಿಲಿಗ್ರಾಂ ದಾಟಬಾರದು, ಸೀಸ 0.01, ಒಟ್ಟು ಕ್ರೋಮಿಯಂ 0.05. ಕಾರ್ಖಾನೆ ಹಳ್ಳಕ್ಕೆ ಬಿಡುವ ನೀರಿನ ಸಾಮಾನ್ಯ ಮಾನದಂಡದಲ್ಲಿ ಕ್ಯಾಡ್ಮಿಯಂಗೆ 2 ಮಿಲಿಗ್ರಾಂವರೆಗೆ ಅವಕಾಶವಿದೆ, ಅಂದರೆ ಆರುನೂರು ಪಟ್ಟಿಗೂ ಹೆಚ್ಚು. ಬಿಟ್ಟ ನೀರು ಹೊಳೆಯಲ್ಲಿ ಬೆರೆತು ತಿಳಿಯಾಗುತ್ತದೆ ಎಂಬ ಊಹೆಯ ಮೇಲೆ ಈ ಸಂಖ್ಯೆ ನಿಂತಿದೆ. ಮಳೆಗಾಲ ಬಿಟ್ಟರೆ ಹರಿಯುವ ಹೊಳೆಯೇ ಇಲ್ಲದ ನಮ್ಮ ಬಯಲುಸೀಮೆಯಲ್ಲಿ ಆ ಊಹೆ ನಿಲ್ಲುವುದು ಕಷ್ಟ. ಇಲ್ಲಿ ಬಿಟ್ಟ ನೀರೇ ಹೊಳೆ.

ಈಗ ಕಾರ್ಖಾನೆಗಳು ಮಾಡುವುದೇನು? ನಿಕಲ್, ಸತು, ತಾಮ್ರ ಇದ್ದ ನೀರಿಗೆ ಸುಣ್ಣ ಹಾಕಿ ಕ್ಷಾರ ಮಾಡಿದರೆ ಲೋಹ ಹೈಡ್ರಾಕ್ಸೈಡ್ ಆಗಿ ತಳಕ್ಕೆ ಕೂರುತ್ತದೆ. ಕ್ರೋಮಿಯಂನದು ಎರಡು ಮಜಲು: ವಿಷವಾದ ಕ್ರೋಮಿಯಂ-6 ಸುಣ್ಣಕ್ಕೆ ಬಗ್ಗುವುದಿಲ್ಲ, ಅದನ್ನು ಮೊದಲು ಹುಳಿ ನೀರಿನಲ್ಲಿ ಮೆಟಾಬೈಸಲ್ಫೈಟ್ ಹಾಕಿ ಕ್ರೋಮಿಯಂ-3 ಮಾಡಿ, ಆಮೇಲೆ ಸುಣ್ಣ ಹಾಕಬೇಕು. ಅಗ್ಗದ ವಿಧಾನ, ಕೈಗೆ ಬಂದ ವಿಧಾನ. ಆದರೆ ಎರಡು ಕಡೆ ಸೋಲುತ್ತದೆ. ಒಂದು, ಗಸಿ ರಾಶಿಯಾಗುತ್ತದೆ. ಇನ್ನೊಂದು, ಲೋಹ ಲೀಟರಿಗೆ ಕೆಲವೇ ಮಿಲಿಗ್ರಾಂಗೆ ಇಳಿದ ಮೇಲೆ ಸುಣ್ಣ ಎಷ್ಟು ಸುರಿದರೂ ಉಳಿದದ್ದು ಕೂರುವುದಿಲ್ಲ. ಅಯಾನು ವಿನಿಮಯದ ರೆಸಿನ್, ಆರ್‌ಒ ಪೊರೆ ಇವು ಆ ಕೊನೆಯ ಪಾಲನ್ನು ಹಿಡಿಯುತ್ತವೆ. ಹತ್ತು ಜನ ದುಡಿಯುವ ಪ್ಲೇಟಿಂಗ್ ಶೆಡ್ಡಿನ ಮಾಲೀಕನಿಗೆ ಅವುಗಳ ಖರ್ಚು ಭಾರ. ಹೊಟ್ಟು, ಸಿಪ್ಪೆಗಳ ಮೇಲೆ ಆಸೆ ಹುಟ್ಟಿದ್ದು ಈ ಸಂದಿಯಲ್ಲಿ.

ಸಸ್ಯದ ಒಣ ಭಾಗಕ್ಕೆ ಲೋಹ ಯಾಕೆ ಅಂಟುತ್ತದೆ ಎಂಬುದರಲ್ಲಿ ನಿಗೂಢವೇನಿಲ್ಲ. ಹಬ್ಬಕ್ಕೆ ಮುಂಚೆ ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿದಾಗ ನಡೆಯುವುದರ ಹತ್ತಿರದ ನೆಂಟ ಇದು. ಹುಳಿಯ ಟಾರ್ಟಾರಿಕ್ ಆಮ್ಲ ತಾಮ್ರದ ಕಿಲುಬನ್ನು ಕಟ್ಟಿಕೊಂಡು ನೀರಿಗಿಳಿಯುತ್ತದೆ. ಸಿಪ್ಪೆಯಲ್ಲೂ ಅಂಥ ಆಮ್ಲದ ತುದಿಗಳಿವೆ, ಆದರೆ ಅವು ಕರಗದೆ ಸೆಲ್ಯುಲೋಸ್, ಲಿಗ್ನಿನ್, ಟ್ಯಾನಿನ್, ಪೆಕ್ಟಿನ್‌ಗಳ ಗೋಡೆಗೆ ಅಂಟಿಕೊಂಡೇ ಇರುತ್ತವೆ. ಆ ತುದಿಗಳಲ್ಲಿ ಮೊದಲೇ ಕೂತಿರುವ ಹೈಡ್ರೋಜನ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಜಾಗ ಬಿಟ್ಟುಕೊಟ್ಟು ಸೀಸಕ್ಕೋ ಕ್ಯಾಡ್ಮಿಯಂಗೋ ಜಾಗ ಕೊಡುತ್ತವೆ. ನೀರು ತೀರ ಹುಳಿಯಾಗಿದ್ದರೆ ಹೈಡ್ರೋಜನ್ ಜಾಗ ಬಿಡುವುದಿಲ್ಲ. ಹೀಗಾಗಿ ಸೀಸ, ತಾಮ್ರ, ಕ್ಯಾಡ್ಮಿಯಂಗಳಿಗೆ ಪಿಎಚ್ 5–6 ಹಿತ. ನೀರಿನಲ್ಲಿ ಋಣ ಅಯಾನಾಗಿ ತೇಲುವ ಕ್ರೋಮಿಯಂ-6ಕ್ಕೆ ಇದು ತಿರುಗುಮುರುಗು: ಪಿಎಚ್ 2ರ ಕಟು ಹುಳಿಯಲ್ಲೇ ಅದು ಸಿಪ್ಪೆಯ ಬಳಿ ಬರುತ್ತದೆ.

ಇದನ್ನು ನಮ್ಮ ಹಿರಿಯರ ಜ್ಞಾನಕ್ಕೆ ಜೋಡಿಸುವ ಉತ್ಸಾಹ ಕೆಲವರಿಗೆ. ಚಿಲ್ಲದ ಬೀಜವನ್ನು ಗಡಿಗೆಯ ಒಳಮೈಗೆ ತೇಯ್ದು ಬಗ್ಗಡದ ನೀರನ್ನು ತಿಳಿ ಮಾಡುತ್ತಿದ್ದರು, ಸುಶ್ರುತ ಸಂಹಿತೆಯಲ್ಲೇ ಅದರ ಮಾತಿದೆ, ನುಗ್ಗೆಬೀಜವೂ ಅದೇ ಕೆಲಸ ಮಾಡುತ್ತದೆ, ಎಲ್ಲ ನಿಜ. ಆದರೆ ಅದು ಮಣ್ಣಿನ ಕಣಗಳನ್ನು ಗಂಟು ಕಟ್ಟಿಸಿ ತಳಕ್ಕಿಳಿಸುವ ಕೆಲಸ. ಕರಗಿದ ಲೋಹದ ವಿಷಯವೇ ಬೇರೆ. ಕಣ್ಣಿಗೆ ತಿಳಿಯಾದ ನೀರಿನಲ್ಲಿ ಕ್ಯಾಡ್ಮಿಯಂ ಹಾಗೇ ಇರಬಹುದು. ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕುವ ಬರಹಗಳಿಂದ ಒಳ್ಳೆಯದಕ್ಕಿಂತ ಕೆಡುಕೇ ಹೆಚ್ಚು.

ಕೃಷಿ ತ್ಯಾಜ್ಯಗಳಿಂದ ಲೋಹ ತೆಗೆಯುವ ಆಧುನಿಕ ಪ್ರಯತ್ನಗಳು 1970ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದವು. ಕಡಲೆಕಾಯಿ ಬೀಜದ ಕೆಂಪು ಸಿಪ್ಪೆ, ಮರದ ತೊಗಟೆಗಳನ್ನು ಮೊದಲು ನೋಡಿದರು. ಭಾರತದಲ್ಲೂ 1980ರ ದಶಕದ ಆರಂಭದಿಂದಲೇ ಪ್ರಕಟಣೆಗಳಿವೆ. ಅಲ್ಲಿಂದಾಚೆಗೆ ಬಂದದ್ದನ್ನೆಲ್ಲ ಸಾಲಾಗಿ ಇಡುವ ಬದಲು ನಮ್ಮ ನೆಲದ ನಾಲ್ಕಾರು ವಸ್ತುಗಳನ್ನು ನೋಡಿದರೆ ಸಾಕು. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೆಚ್ಚು, ಅದು ನೀರಿನಲ್ಲಿ ಕೊಳೆಯುವುದಿಲ್ಲ, ತೊಟ್ಟಿಯಲ್ಲಿ ತುಂಬಿದರೆ ನೀರು ಸಲೀಸಾಗಿ ಹರಿಯುತ್ತದೆ. ಆದರೆ ಬರಿಯ ಹೊಟ್ಟಿನ ಹಿಡಿತ ಕಡಿಮೆ. ಕ್ಷಾರದಲ್ಲಿ ನೆನೆಸಿದರೆ ಕ್ಯಾಡ್ಮಿಯಂ ಹಿಡಿಯುವ ಶಕ್ತಿ ದುಪ್ಪಟ್ಟು ಮೀರುತ್ತದೆ. ನೆನೆಸಿ ತೊಳೆದ ಆ ಕಂದು ಕ್ಷಾರ ನೀರನ್ನು ಏನು ಮಾಡಬೇಕು ಎಂಬುದರ ಬಗ್ಗೆ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಒಂದು ಸಾಲೂ ಇರುವುದಿಲ್ಲ. ಕಾಫಿ ಸಿಪ್ಪೆಯನ್ನು ಏನೂ ಸಂಸ್ಕರಿಸದೆ ಬಳಸಿ ಬ್ರೆಜಿಲ್‌ನವರು ನೋಡಿದ್ದಾರೆ. ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಬೆಳೆಯುವ ಕೊಡಗು, ಚಿಕ್ಕಮಗಳೂರು, ಹಾಸನಗಳಿಗೆ ಇದು ಕಿವಿ ನಿಮಿರಿಸುವ ಸಂಗತಿ. ಮಲೆನಾಡಿನ ರಸ್ತೆಬದಿಯಲ್ಲಿ ಸುರಿದು ಬೆಂಕಿಯಿಡುವ ಅಡಿಕೆ ಸಿಪ್ಪೆಯೂ ಸರದಿಯಲ್ಲಿದೆ.

ದೇವನಹಳ್ಳಿಯ ಚಕ್ಕೋತದ ಬಗ್ಗೆ ಒಂದೆರಡು ಮಾತು ಹೆಚ್ಚು ಹೇಳಬೇಕು. ಭೌಗೋಳಿಕ ಸೂಚಿಕೆ ಪಡೆದ ಹಣ್ಣು ಅದು. ಹಣ್ಣಿನ ತೂಕದಲ್ಲಿ ಗಣನೀಯ ಪಾಲು ಅದರ ದಪ್ಪ ಬಿಳಿ ಸಿಪ್ಪೆಯೇ, ಆ ಬಿಳಿ ಭಾಗದಲ್ಲಿ ಪೆಕ್ಟಿನ್ ತುಂಬಿದೆ. ಪೆಕ್ಟಿನ್ ಸೀಸವನ್ನು ಬಿಗಿಯಾಗಿ ಹಿಡಿಯುತ್ತದೆ. ಚೀನಾ ಮತ್ತು ಆಗ್ನೇಯ ಏಷ್ಯಾದಲ್ಲಿ ಚಕ್ಕೋತದ ಸಿಪ್ಪೆಯ ಮೇಲೆ ಸಾಕಷ್ಟು ಕೆಲಸವಾಗಿದೆ. ಆದರೆ ವಿಮಾನ ನಿಲ್ದಾಣ ಬಂದ ಮೇಲೆ ಸೈಟುಗಳಿಗೆ ಜಾಗ ಬಿಟ್ಟು ಉಳಿದ ಚಕ್ಕೋತದ ಮರಗಳೆಷ್ಟು? ಸಿಪ್ಪೆಗಿಂತ ಮೊದಲು ಮರವೇ ಮುಗಿಯುವ ಹಾಗಿದೆ.

ಈಗ ತೊಡಕುಗಳಿಗೆ ಬರಬೇಕು. ಮೊದಲನೆಯದು ಆ ಗ್ರಾಂಗೆ ಇಷ್ಟು ಮಿಲಿಗ್ರಾಂ ಎಂಬ ಸಂಖ್ಯೆಯೇ. ಬಟ್ಟಿ ಇಳಿಸಿದ ನೀರಿಗೆ ಒಂದೇ ಒಂದು ಲೋಹದ ಉಪ್ಪನ್ನು ಧಾರಾಳವಾಗಿ ಕರಗಿಸಿ, ಅದರಲ್ಲಿ ಪುಡಿ ಕಲಕಿ, ಸಿಪ್ಪೆಯ ಜಾಗವೆಲ್ಲ ತುಂಬಿದಾಗ ಎಷ್ಟು ಹಿಡಿದೀತು ಎಂದು ಸೂತ್ರದಿಂದ ಹೊರಡಿಸಿದ ಗರಿಷ್ಠ ಮಿತಿ ಅದು. ನಿಜವಾದ ನೀರಿನಲ್ಲಿ ಲೋಹ ತೆಳುವಾಗಿದೆ, ಹಿಡಿತವೂ ತೆಳುವಾಗುತ್ತದೆ. ನಮ್ಮ ಬೋರ್‌ವೆಲ್ ನೀರು ಗಡಸು. ಒಂದು ಅಯಾನು ಸೀಸವಿದ್ದರೆ ಸಾವಿರಾರು ಕ್ಯಾಲ್ಸಿಯಂ ಅಯಾನುಗಳು ಅದೇ ಜಾಗಕ್ಕೆ ನುಗ್ಗುತ್ತವೆ. ಪ್ಲೇಟಿಂಗ್ ತೊಟ್ಟಿಯಿಂದ ಬರುವ ನೀರಿನಲ್ಲಿ ಎಣ್ಣೆ, ಸೋಪು, ಸಯನೈಡ್, ಲೋಹವನ್ನು ಅಪ್ಪಿಕೊಂಡು ಬಿಡದ ಇತರ ರಾಸಾಯನಿಕಗಳು ಬೇರೆ. ನೂರೈವತ್ತು ಎಂದು ಹೇಳಿದ ಪುಡಿ ಅಲ್ಲಿ ಐದನ್ನು ಹಿಡಿದರೂ ನಾನು ಬೆನ್ನು ತಟ್ಟುತ್ತೇನೆ.

ಎರಡನೆಯದು ಕ್ರೋಮಿಯಂನ ಕಣ್ಕಟ್ಟು. ಸಿಪ್ಪೆ ಕ್ರೋಮಿಯಂ-6 ಅನ್ನು ಹೀರಿಕೊಂಡಿತು ಎಂದು ಬರೆದ ಎಷ್ಟೋ ಪ್ರಬಂಧಗಳಲ್ಲಿ ಸಿಪ್ಪೆ ಮಾಡಿದ್ದು ಬೇರೆಯೇ: ಅದರ ಟ್ಯಾನಿನ್, ಲಿಗ್ನಿನ್‌ಗಳು ಹುಳಿ ನೀರಿನಲ್ಲಿ ಕ್ರೋಮಿಯಂ-6 ಅನ್ನು ಕ್ರೋಮಿಯಂ-3ಕ್ಕೆ ಇಳಿಸಿವೆ. ಅಳೆಯುವವರು ಕ್ರೋಮಿಯಂ-6 ಅನ್ನು ಮಾತ್ರ ಅಳೆದರೆ ಅದು ಮಾಯವಾದಂತೆ ಕಾಣುತ್ತದೆ. ಒಟ್ಟು ಕ್ರೋಮಿಯಂ ಅಳೆದರೆ ಒಂದು ಪಾಲು ನೀರಿನಲ್ಲೇ ಇದೆ. ದಕ್ಷಿಣ ಕೊರಿಯಾದ ಡಾಂಗ್‌ಹೀ ಪಾರ್ಕ್ ಮತ್ತು ಸಂಗಡಿಗರು 2000ದ ದಶಕದಲ್ಲಿ ಇದನ್ನು ಒಂದಾದ ಮೇಲೊಂದು ಪ್ರಯೋಗದಲ್ಲಿ ತೋರಿಸಿದರು. ಇದು ಸೋಲೇನೂ ಅಲ್ಲ. ವಿಷವನ್ನು ಕಡಿಮೆ ವಿಷಕ್ಕಿಳಿಸುವುದು ಮೆಟಾಬೈಸಲ್ಫೈಟ್ ಮಾಡುವ ಕೆಲಸವೇ. ಹುಣಸೆ ಸಿಪ್ಪೆ ಆ ಜಾಗದಲ್ಲಿ ನಿಲ್ಲಬಲ್ಲದಾದರೆ ಅದೂ ಲಾಭ. ಅಲ್ಲದೆ ಮೆಟಾಬೈಸಲ್ಫೈಟ್ ಹಾಕುವ ತೊಟ್ಟಿಯ ಪಿಎಚ್ ಮೊದಲೇ 2–3ರಲ್ಲಿರುತ್ತದೆ, ಸಿಪ್ಪೆಗೆ ಬೇಕಾದದ್ದೂ ಅಷ್ಟೇ. ಆದರೆ ಹೀರಿತು ಎಂದು ಬರೆದು ಇಳಿಸಿದ್ದನ್ನು ಮುಚ್ಚಿಟ್ಟರೆ ಆ ಸಂಖ್ಯೆ ನಂಬಿ ಘಟಕ ಕಟ್ಟಿದವನು ಕೆಡುತ್ತಾನೆ.

ಪತ್ರಿಕೆಗಳ ಪಾಲೂ ಇಲ್ಲಿದೆ. 2011ರಲ್ಲಿ ಬ್ರೆಜಿಲ್‌ನ ಸಂಶೋಧಕರು ಬಾಳೆಹಣ್ಣಿನ ಸಿಪ್ಪೆಯಿಂದ ನದಿ ನೀರಿನ ತಾಮ್ರ, ಸೀಸಗಳನ್ನು ಹಿಡಿದು ಸಾಂದ್ರಗೊಳಿಸುವ ವಿಧಾನ ಪ್ರಕಟಿಸಿದರು. ಅಳೆಯಲಾಗದಷ್ಟು ತೆಳುವಾದ ಲೋಹವನ್ನು ಒಂದೆಡೆ ಕೂಡಿಸಿ ಅಳೆಯುವುದು ಅದರ ಉದ್ದೇಶ. ವಿಶ್ಲೇಷಕರಿಗೆ ಬೇಕಾದ ಉಪಕರಣ. ಜಗತ್ತಿನ ಪತ್ರಿಕೆಗಳಲ್ಲಿ ಅದು ಬಾಳೆಸಿಪ್ಪೆಯಿಂದ ಕುಡಿಯುವ ನೀರು ಶುದ್ಧ ಎಂಬ ಸುದ್ದಿಯಾಯಿತು, ವಾಟ್ಸ್ಆ್ಯಪ್‌ನಲ್ಲಿ ಇಂದಿಗೂ ಓಡಾಡುತ್ತಿದೆ. ದಯವಿಟ್ಟು ಯಾರೂ ಕೊಡದಲ್ಲಿ ಬಾಳೆಸಿಪ್ಪೆ ಅದ್ದಬೇಡಿ. ಹಸಿ ಸಿಪ್ಪೆ ನೀರಿಗೆ ಸಕ್ಕರೆ, ಬಣ್ಣ, ಟ್ಯಾನಿನ್ ಬಿಡುತ್ತದೆ, ಒಂದೇ ದಿನದಲ್ಲಿ ನೀರು ನಾರುತ್ತದೆ. ಕಾರ್ಖಾನೆಯಲ್ಲೂ ಇದೇ ತಾಪತ್ರಯ: ಲೋಹ ಇಳಿಯಿತು ಅನ್ನುವಷ್ಟರಲ್ಲಿ ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ) ಏರಿರುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಇನ್ನೊಂದು ಕಲಮಿನಡಿ ನೋಟಿಸು ಬರೆಯುತ್ತಾರೆ.

ಸ್ವಲ್ಪ ಲೆಕ್ಕ ಹಾಕೋಣ. ದಿನಕ್ಕೆ 10,000 ಲೀಟರ್ ತೊಳೆ ನೀರು ಬಿಡುವ ಒಂದು ನಿಕಲ್ ಪ್ಲೇಟಿಂಗ್ ಘಟಕ ಇದೆ ಎನ್ನಿ. ಸುಣ್ಣ ಹಾಕಿದ ಮೇಲೂ ಲೀಟರಿಗೆ 5 ಮಿಲಿಗ್ರಾಂ ನಿಕಲ್ ಉಳಿದಿದೆ. ನಿಯಮದ ಮಿತಿ 3. ದಿನಕ್ಕೆ ಹಿಡಿಯಬೇಕಾದದ್ದು ಹೆಚ್ಚೆಂದರೆ 50 ಗ್ರಾಂ. ಗ್ರಾಂಗೆ 5 ಮಿಲಿಗ್ರಾಂ ಹಿಡಿಯುವ ಸಿಪ್ಪೆಯಾದರೆ 10 ಕಿಲೊ ಬೇಕು, ವರ್ಷದ 300 ದಿನಕ್ಕೆ 3 ಟನ್. ಒಂದು ದೊಡ್ಡ ಹುಣಸೆ ಮರ ವರ್ಷಕ್ಕೆ 200 ಕಿಲೊ ಕಾಯಿ ಬಿಟ್ಟರೆ ಸಿಪ್ಪೆ, ನಾರು ಸುಮಾರು 22 ಕಿಲೊ. ಅಂದರೆ ನಲ್ಲೂರಿನಷ್ಟು ದೊಡ್ಡ ತೋಪಿನ ಸಿಪ್ಪೆ ಅಂಥ ಎರಡು ಘಟಕಗಳಿಗೆ ಸರಿಹೋಗುತ್ತದೆ. ಆ ತೋಪಿನ ಸಿಪ್ಪೆಯನ್ನೇ ತರಬೇಕು ಎಂದಲ್ಲ. ಪಾರಂಪರಿಕ ತಾಣದ ಮರದಡಿ ಬಿದ್ದದ್ದು ಅಲ್ಲೇ ಮಣ್ಣಾಗಲಿ. ಅಳತೆ ಗೊತ್ತಾಗಲಿ ಎಂದು ಹೇಳಿದೆ.

ಇನ್ನು ಕೆರೆಗೆ ಬರುವ ನೀರಿನ ಕಡೆ ಇದೇ ಲೆಕ್ಕ ತಿರುಗಿಸಿ. 210 ದಶಲಕ್ಷ ಲೀಟರ್ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಲೋಹ ಇದೆ ಎಂದು ಊಹಿಸಿದರೂ ದಿನಕ್ಕೆ ಹತ್ತೂವರೆ ಕಿಲೊ. ಅಷ್ಟು ತೆಳುವಾದ ನೀರಿನಲ್ಲಿ ಗ್ರಾಂಗೆ ಒಂದು ಮಿಲಿಗ್ರಾಂ ಹಿಡಿದರೆ ಪುಣ್ಯ. ದಿನಕ್ಕೆ ಹತ್ತೂವರೆ ಟನ್ ಹೊಟ್ಟು ಬೇಕು, ವರ್ಷಕ್ಕೆ 3,800 ಟನ್ನಿನಷ್ಟು ವಿಷದ ಹೊಟ್ಟು ಹೊರಬೀಳುತ್ತದೆ. ಕೆರೆಯ ಬಾಯಲ್ಲಿ ಹೊಟ್ಟಿನ ಚೀಲ ಇಡುವ ಯೋಜನೆಗಳನ್ನು ಕೇಳಿದಾಗ ಈ ಲೆಕ್ಕ ಮುಂದಿಡಬೇಕು. ಲೋಹವನ್ನು ಅದು ಹುಟ್ಟುವ ನಲ್ಲಿಯಲ್ಲೇ, ಮೋರಿಯ ನೀರಿನೊಂದಿಗೆ ಬೆರೆಯುವ ಮುಂಚೆಯೇ ಹಿಡಿಯಬೇಕು. ಬೆರೆತ ಮೇಲೆ ಹಿಡಿಯಲು ಹೋದರೆ ಹೊಟ್ಟೂ ಸಾಲದು, ಬೊಕ್ಕಸವೂ ಸಾಲದು.

ಇಷ್ಟೆಲ್ಲ ತೊಡಕು ಹೇಳಿದ ಮೇಲೆ ಒಂದು ಸಂಗತಿ ಮರೆಯಬಾರದು. ಕೃಷಿ ತ್ಯಾಜ್ಯದಿಂದ ಭಾರಲೋಹ ಹಿಡಿಯುವ ಉದ್ಯಮ ಜಗತ್ತಿನಲ್ಲಿ ಭರ್ಜರಿಯಾಗಿ ನಡೆಯುತ್ತಿದೆ, ದಶಕಗಳಿಂದ. ಆ ತ್ಯಾಜ್ಯ ತೆಂಗಿನ ಕರಟ, ಆ ಲೋಹ ಚಿನ್ನ. ಅದಿರನ್ನು ಪುಡಿಮಾಡಿ ಸಯನೈಡಿನಲ್ಲಿ ಕರಗಿಸಿದ ಚಿನ್ನವನ್ನು ಕರಟದ ಇದ್ದಿಲು ಹೀರಿಕೊಳ್ಳುತ್ತದೆ; ಮತ್ತೆ ಅದರಿಂದ ಚಿನ್ನ ಬಿಡಿಸಿ, ಇದ್ದಿಲನ್ನು ಕಾಯಿಸಿ ಮರಳಿ ಬಳಸುತ್ತಾರೆ. ಅಲ್ಲಿ ಹಿಡಿತದ ಸಂಖ್ಯೆ ಬರೆದು ಪ್ರಬಂಧ ಮುಗಿಸಲಿಲ್ಲ. ಬಿಡಿಸುವುದು ಹೇಗೆ, ಎಷ್ಟು ಸಲ ಬಳಸಬಹುದು, ಪುಡಿಯಾಗಿ ಎಷ್ಟು ನಷ್ಟ ಎಂಬುದನ್ನೆಲ್ಲ ಒಬ್ಬರಲ್ಲ ಒಬ್ಬರು ಕೂತು ಪರಿಹರಿಸಿದರು. ಕಾರಣ ಸರಳ: ಹಿಡಿದ ಚಿನ್ನಕ್ಕೆ ಕೊಳ್ಳುವವರಿದ್ದರು. ಹಿಡಿದ ಕ್ಯಾಡ್ಮಿಯಂ ಯಾರಿಗೂ ಬೇಡ.

ಬೇರೆಯವರು ಪ್ರಯತ್ನಿಸಲಿಲ್ಲವೆಂದಲ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಬೊಹುಮಿಲ್ ವೊಲೆಸ್ಕಿ ತಮ್ಮ ವೃತ್ತಿಜೀವನದ ಬಹುಭಾಗವನ್ನು ಸತ್ತ ಜೀವಕೋಶಗಳಿಂದ ಲೋಹ ಹಿಡಿಯುವ ವಿಜ್ಞಾನಕ್ಕೆ ಕೊಟ್ಟರು. ಅಮೆರಿಕದಲ್ಲಿ ಪಾಚಿ, ಪೀಟ್ ಮುಂತಾದವನ್ನು ಮಣಿ ಮಾಡಿ ಬಯೋ-ಫಿಕ್ಸ್, ಆಲ್ಗಾಸಾರ್ಬ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತರುವ ಯತ್ನಗಳು 1980–90ರ ದಶಕಗಳಲ್ಲಿ ನಡೆದವು. ಯಾವುದೂ ಸುಣ್ಣವನ್ನಾಗಲಿ ರೆಸಿನನ್ನಾಗಲಿ ಕದಲಿಸಲಿಲ್ಲ. ರೆಸಿನ್ ಪ್ರತಿ ಚೀಲದಲ್ಲೂ ಒಂದೇ ಗುಣ. ಸಿಪ್ಪೆಯ ಗುಣ ತಳಿ, ಮಳೆ, ಒಣಗಿಸಿದ ರೀತಿಯ ಮೇಲೆ ಬದಲಾಗುತ್ತದೆ. ಕಾರ್ಖಾನೆಯವನಿಗೆ ಅಗ್ಗಕ್ಕಿಂತ ಖಾತ್ರಿ ಮುಖ್ಯ.

ಅಗ್ಗ ಎಂಬುದೂ ಪೂರ್ತಿ ನಿಜವಲ್ಲ. ರಾಗಿ ಹುಲ್ಲು ದನದ ಪಾಲು. ಭತ್ತದ ಹೊಟ್ಟು ಬಾಯ್ಲರಿಗೆ, ಇಟ್ಟಿಗೆ ಗೂಡಿಗೆ ಹೋಗುತ್ತದೆ. ಕಡಲೆಕಾಯಿ ಸಿಪ್ಪೆ ಬ್ರಿಕೆಟ್ ಆಗುತ್ತದೆ, ಕಬ್ಬಿನ ಸಿಪ್ಪೆಯಿಂದ ಸಕ್ಕರೆ ಕಾರ್ಖಾನೆ ವಿದ್ಯುತ್ ಮಾಡುತ್ತದೆ, ತೆಂಗಿನ ನಾರಿನ ಪುಡಿ ಇಟ್ಟಿಗೆಯಾಗಿ ವಿದೇಶಕ್ಕೆ ಹಡಗು ಹತ್ತುತ್ತದೆ. ಪ್ರಬಂಧದ ಮೊದಲ ಸಾಲಿನಲ್ಲಿ ಧಾರಾಳವಾಗಿ, ಉಚಿತವಾಗಿ ಸಿಗುವ ತ್ಯಾಜ್ಯ ಎಂದು ಬರೆದವರು ಗಂಗಾವತಿಯ ರೈಸ್ ಮಿಲ್ಲಿಗೆ ಹೋಗಿ ಒಂದು ಲೋಡ್ ಹೊಟ್ಟಿನ ದರ ಕೇಳಿ ಬರಲಿ. ನಿಜಕ್ಕೂ ಗಿರಾಕಿಯಿಲ್ಲದೆ ಬಿದ್ದಿರುವುದು ಹುಣಸೆ ಸಿಪ್ಪೆ, ಅಡಿಕೆ ಸಿಪ್ಪೆಯಂಥ ಕೆಲವು ಮಾತ್ರ. ಅವೂ ಒಂದೇ ಕಡೆ ಸಿಗುವುದಿಲ್ಲ. ಮನೆ ಮನೆಯ ಅಂಗಳದಿಂದ ಕೂಡಿಸಿ ತರುವ ಕೂಲಿ, ಲಾರಿ ಬಾಡಿಗೆ ಸೇರಿಸಿಯೇ ಬೆಲೆ ಕಟ್ಟಬೇಕು.

ಕೊನೆಗೆ ಹಿಡಿದಾದ ಮೇಲಿನ ಮಾತು. ನಿಕಲ್ ತುಂಬಿದ ಹುಣಸೆ ಸಿಪ್ಪೆ ನೋಡಲು ಹುಣಸೆ ಸಿಪ್ಪೆಯಂತೆಯೇ ಇರುತ್ತದೆ. ಅಪಾಯ ಇರುವುದೇ ಅಲ್ಲಿ. ಸುಣ್ಣದ ಹಸಿರು ಗಸಿಯನ್ನು ಯಾರೂ ಒಲೆಗೆ ಹಾಕುವುದಿಲ್ಲ, ತಿಪ್ಪೆಗೆ ಸುರಿಯುವುದಿಲ್ಲ. ಒಣ ಸಿಪ್ಪೆಯ ಚೀಲ ಕಾರ್ಖಾನೆಯ ಹಿತ್ತಿಲಲ್ಲಿ ಬಿದ್ದಿದ್ದರೆ ಕಾವಲುಗಾರ ಚಳಿಗೆ ಬೆಂಕಿ ಹಾಕುತ್ತಾನೆ, ಗುಜರಿಯವನು ಬಾಯ್ಲರಿಗೆ ಮಾರುತ್ತಾನೆ. ಸುಟ್ಟರೆ ಲೋಹ ಬೂದಿಯಲ್ಲೂ ಹೊಗೆಯಲ್ಲೂ ಮರಳಿ ಬರುತ್ತದೆ. ಕ್ರೋಮಿಯಂ-3 ಸುಟ್ಟಾಗ ಮತ್ತೆ ಕ್ರೋಮಿಯಂ-6 ಆಗುವ ಸಾಧ್ಯತೆಯೂ ಇದೆ. ಕಾನೂನಿನ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ, 2016ರ ನಿಯಮಗಳು ಇದಕ್ಕೂ ಅನ್ವಯ. ರಾಜ್ಯದ ಅಂಥ ತ್ಯಾಜ್ಯವನ್ನು ಮಣ್ಣಿನಡಿ ಸುರಕ್ಷಿತವಾಗಿ ಹುದುಗಿಸುವ ಒಂದು ಜಾಗ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿದೆ. ಅಲ್ಲಿಗೆ ಕಳಿಸಲು ತೂಕದ ಲೆಕ್ಕದಲ್ಲಿ ದುಡ್ಡು ಕೊಡಬೇಕು. 50 ಗ್ರಾಂ ನಿಕಲ್ ಹಿಡಿಯಲು 10 ಕಿಲೊ ಸಿಪ್ಪೆ ಬಳಸಿದವನು 10 ಕಿಲೊಗೂ ದುಡ್ಡು ತೆರುತ್ತಾನೆ, ನೀರು ಹೀರಿದ ತೂಕಕ್ಕೂ ತೆರುತ್ತಾನೆ.

ಆಮ್ಲದಲ್ಲಿ ತೊಳೆದು ಸಿಪ್ಪೆಯಿಂದ ಲೋಹ ಬಿಡಿಸಬಹುದು. ಆಗ ಸಿಗುವುದು ಚಿಕ್ಕ ಪ್ರಮಾಣದ, ಗಟ್ಟಿಯಾದ ನಿಕಲ್ ದ್ರಾವಣ. ನಿಕಲ್‌ಗೆ ಬೆಲೆ ಇರುವುದರಿಂದ ಅದನ್ನು ಮರಳಿ ಪ್ಲೇಟಿಂಗ್ ತೊಟ್ಟಿಗೇ ಸೇರಿಸುವ ದಾರಿ ಹುಡುಕಬಹುದು. ಚಿನ್ನದ ಗಣಿಯ ಪಾಠ ಸ್ವಲ್ಪವಾದರೂ ಹೊಂದುವುದು ಇಲ್ಲಿ. ಸೀಸ, ಕ್ಯಾಡ್ಮಿಯಂಗಳಿಗೆ ಆ ಆಕರ್ಷಣೆಯೂ ಇಲ್ಲ. ಅವುಗಳ ವಿಷಯದಲ್ಲಿ ಹಿಡಿದವನಿಗೆ ಲಾಭವಿಲ್ಲ, ಹಿಡಿಯದಿದ್ದರೆ ದಂಡ ಎಂಬ ಭಯವೊಂದೇ ಚಾಲಕ ಶಕ್ತಿ.

ಹಾಗಾಗಿ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರತಿವರ್ಷ ಹೊಸ ಸಿಪ್ಪೆಯೊಂದನ್ನು ಹುಡುಕಿ ಬೀಕರಿನಲ್ಲಿ ಕಲಕುವ ಪ್ರಾಜೆಕ್ಟುಗಳನ್ನು ಇನ್ನು ನಿಲ್ಲಿಸಿದರೂ ನಷ್ಟವಿಲ್ಲ. ಅದರ ಬದಲು ಪೀಣ್ಯದ ಅಥವಾ ಬಾಶೆಟ್ಟಿಹಳ್ಳಿಯ ಒಂದು ಚಿಕ್ಕ ಘಟಕದಲ್ಲಿ, ಸುಣ್ಣದ ತೊಟ್ಟಿಯ ಮುಂದೆ, ಒಂದೇ ಲೋಹದ ತೊಳೆ ನೀರಿಗೆ, ಒಂದು ಡ್ರಮ್ಮು ಸಿಪ್ಪೆ ಇಟ್ಟು ಒಂದು ವರ್ಷ ನೋಡಬೇಕು. ಒಟ್ಟು ಕ್ರೋಮಿಯಂ ಅಳೆಯಬೇಕು, ಸಿಒಡಿ ಅಳೆಯಬೇಕು, ಡ್ರಮ್ಮು ಎಷ್ಟು ದಿನಕ್ಕೆ ಕಟ್ಟಿಕೊಂಡಿತು, ಮಳೆಗಾಲದಲ್ಲಿ ಸಿಪ್ಪೆಗೆ ಬೂಷ್ಟು ಹಿಡಿಯಿತೇ, ಆಮ್ಲದಲ್ಲಿ ತೊಳೆದ ಮೇಲೆ ಮೂರನೇ ಸಲಕ್ಕೆ ಎಷ್ಟು ಹಿಡಿಯಿತು ಎಂದು ಬರೆದಿಡಬೇಕು. ಹಣ್ಣು ಬಡಿಯುವ ಹೆಂಗಸರಿಗೆ ಸಿಪ್ಪೆಗೆಂದು ಕಿಲೊಗೆ ಎಷ್ಟು ಕೊಟ್ಟರೆ ಅವರು ಒಣಗಿಸಿ ಚೀಲ ತುಂಬಿಕೊಡುತ್ತಾರೆ ಎಂದು ಕೇಳಬೇಕು. ದಾಬಸ್‌ಪೇಟೆಗೆ ಹೋದ ಚೀಲಗಳ ರಸೀದಿಯನ್ನು ಆ ಲೆಕ್ಕದ ಪುಸ್ತಕಕ್ಕೇ ಅಂಟಿಸಬೇಕು, ಮಾಲೀಕ ಕೊಟ್ಟ ದುಡ್ಡೆಷ್ಟು, ಮಂಡಳಿ ಕೊಡಬಹುದಾದ ಸಹಾಯಧನವೆಷ್ಟು ಎಂಬುದೂ ಅದರಲ್ಲೇ ಇರಬೇಕು.